ಕೊನೆಯ ಹಾಳೆಯ ಮಕ್ಕಳು

ಮಗುವಿನ ಉಸಿರು ಎಣಿಸುವುದು ಸುಲಭದ ಕೆಲಸ ಎಂದು ಮೊದಲ ದಿನ ನನಗೂ ಅನ್ನಿಸಿತ್ತು. ಹೊಟ್ಟೆ ಒಂದು ಸಲ ಮೇಲೆದ್ದು ಇಳಿದರೆ ಒಂದು. ಪೂರ್ತಿ ಒಂದು ನಿಮಿಷದಲ್ಲಿ ಎಷ್ಟಾಯಿತು ಎಂದು ಬರೆದುಕೊಳ್ಳಬೇಕು, ಅಷ್ಟೇ. ಈಗ ಆರೋಗ್ಯ ಕೇಂದ್ರಗಳಿಗೆ ಸೇರುತ್ತಿರುವ ಹುಡುಗಿಯರಿಗೆ ಇದನ್ನು ತರಬೇತಿಯ ಅರ್ಧ ದಿನದಲ್ಲಿ ಹೇಳಿಕೊಟ್ಟು ಮುಗಿಸುತ್ತಾರೆ. ಅದಕ್ಕೆ ಮುಂಚೆ ನಾವು ಏನು ಮಾಡುತ್ತಿದ್ದೆವು, ಕಲಿಯುವಾಗ ಎಲ್ಲಿ ಎಡವಿದೆವು ಎಂಬುದು ಅವರ ಪುಸ್ತಕದಲ್ಲಿ ಇಲ್ಲ. ನಾನು ಯಾವಾಗ ಯಾವ ಹುದ್ದೆಗೆ ಏರಿದೆ ಎಂಬುದನ್ನು ಇಲ್ಲಿ ಬರೆಯುವುದಿಲ್ಲ. ಕಂಡದ್ದನ್ನು, ಅದರಲ್ಲೂ ನಾನು ಮಾಡಿದ ಒಂದು ತಪ್ಪನ್ನು, ನೆನಪಿರುವಷ್ಟು ಸರಿಯಾಗಿ ಬರೆಯುತ್ತೇನೆ.

ಎಪ್ಪತ್ತರ ದಶಕದ ಕೊನೆಯಲ್ಲಿ ನಾನು ತುರುವೇಕೆರೆ ಕಡೆಯ ಒಂದು ಸಣ್ಣ ಆರೋಗ್ಯ ಕೇಂದ್ರಕ್ಕೆ ದಾದಿಯಾಗಿ ಸೇರಿದೆ. ಕೆಮ್ಮುವ ಮಗು ಬಂದರೆ ಹಣೆ ಮುಟ್ಟಿ ನೋಡುತ್ತಿದ್ದೆವು. ಬಿಸಿ ಇದ್ದರೆ ಸೂಜಿ, ಇಲ್ಲದಿದ್ದರೆ ಕೆಂಪು ಔಷಧಿ. ಎದೆಗೆ ಕೊಳವೆ ಇಟ್ಟು ಕೇಳುವುದು ಡಾಕ್ಟರ ಕೆಲಸ, ಅವರು ವಾರಕ್ಕೆ ಎರಡು ದಿನ ಬರುತ್ತಿದ್ದರು. ಹತ್ತು ಮಕ್ಕಳು ಒಂದೇ ರೀತಿ ಕೆಮ್ಮುತ್ತಿದ್ದವು. ಅವುಗಳಲ್ಲಿ ಒಂಬತ್ತು ತಾವಾಗಿಯೇ ಸುಧಾರಿಸಿಕೊಳ್ಳುತ್ತಿದ್ದವು. ಹತ್ತನೆಯದು ಮೂರನೆಯ ದಿನ ಅಜ್ಜಿಯ ಹೆಗಲ ಮೇಲೆ ಮತ್ತೆ ಬರುತ್ತಿತ್ತು, ತುಟಿ ನೀಲಿಯಾಗಿ. ಆ ಹತ್ತನೆಯದು ಯಾವುದು ಎಂದು ಮೊದಲ ದಿನವೇ ಹೇಳುವ ದಾರಿ ನಮಗೆ ಗೊತ್ತಿರಲಿಲ್ಲ. ಕೆಮ್ಮುವ ಪ್ರತಿ ಮಗುವನ್ನೂ ಮನೆಗೆ ಕಳಿಸುವಾಗ ನನಗೆ ಭಯವಾಗುತ್ತಿತ್ತು.

ಎಂಬತ್ತರ ದಶಕದ ಕೊನೆಯ ಭಾಗದಲ್ಲಿ ಇದೇ ಪ್ರಶ್ನೆ ಇಟ್ಟುಕೊಂಡು ನಮ್ಮ ಸೀಮೆಯಲ್ಲಿ ಒಂದು ಅಧ್ಯಯನ ಶುರುವಾಯಿತು. ಮಕ್ಕಳ ತಜ್ಞರಾದ ಡಾಕ್ಟರ್ ನಂಜುಂಡಯ್ಯ ಅದರ ಮುಖ್ಯಸ್ಥರು. ಕಿಬ್ಬನಹಳ್ಳಿಯ ಕೂಡುರಸ್ತೆಯ ಬಳಿ ಬಾಡಿಗೆ ಮನೆಯೊಂದು ನಮ್ಮ ಕಚೇರಿ. ನಾವು ಆರು ಜನ ಹೆಂಗಸರು ಬೆಳಿಗ್ಗೆ ಅಲ್ಲಿ ಮಗುವಿಗೊಂದರಂತೆ ತುಂಬಬೇಕಾದ ನಮೂನೆ ಹಾಳೆಗಳನ್ನು ತೆಗೆದುಕೊಂಡು ಒಬ್ಬೊಬ್ಬರು ಒಂದೊಂದು ಬಸ್ಸು ಹತ್ತುತ್ತಿದ್ದೆವು. ಕೊಳವೆಯಿಲ್ಲದೆ, ಎಕ್ಸ್‌ರೇ ಇಲ್ಲದೆ, ಕಣ್ಣು ಮತ್ತು ಕೈಗಡಿಯಾರ ಎರಡನ್ನೇ ಇಟ್ಟುಕೊಂಡು ಒಬ್ಬ ಕಾರ್ಯಕರ್ತೆ ಮನೆಯಂಗಳದಲ್ಲಿಯೇ ಆ ಹತ್ತನೆಯ ಮಗುವನ್ನು ಗುರುತಿಸಬಲ್ಲಳೇ ಎಂಬುದನ್ನು ನಂಜುಂಡಯ್ಯನವರು ತಿಳಿಯಬೇಕಾಗಿತ್ತು. ನಿಯಮಗಳು ಕೆಲವೇ. ವರ್ಷ ತುಂಬದ ಮಗುವಿನ ಉಸಿರು ನಿಮಿಷಕ್ಕೆ ಐವತ್ತು ಮುಟ್ಟಿದರೆ ಮಾತ್ರೆ. ಉಸಿರು ಎಳೆದಾಗ ಪಕ್ಕೆಯ ಕೆಳಭಾಗ ಒಳಕ್ಕೆ ಹೋದರೆ ಆಸ್ಪತ್ರೆ. ಎರಡು ತಿಂಗಳು ತುಂಬದ ಹಸುಳೆಗೆ ಅರವತ್ತು ಮುಟ್ಟಿದರೆ ಮಾತ್ರೆ ಅಲ್ಲ, ನೇರ ಆಸ್ಪತ್ರೆ. ಆ ವಯಸ್ಸಿನ ಹಸುಳೆ ಹಾಲು ಕುಡಿಯುವುದನ್ನು ಬಿಟ್ಟಿದ್ದರೆ ಎಣಿಸುತ್ತಲೂ ಕೂರಬಾರದು, ಎತ್ತಿಕೊಂಡು ಹೊರಡಬೇಕು.

ನಂಜುಂಡಯ್ಯನವರು ಏರಿದ ದನಿಯಲ್ಲಿ ಮಾತಾಡಿದ್ದನ್ನು ನಾನು ಕೇಳಿಲ್ಲ. ತರಬೇತಿಯಲ್ಲಿ ಒಂದೇ ಮಗುವನ್ನು ಇಬ್ಬರಿಂದ ಎಣಿಸಿ, ಇಬ್ಬರೂ ಬೇರೆ ಬೇರೆ ಚೀಟಿಯಲ್ಲಿ ಬರೆದು ಕೊಡುವಂತೆ ಮಾಡುತ್ತಿದ್ದರು. ನನ್ನ ಚೀಟಿಯಲ್ಲಿ ನಲವತ್ತೆಂಟು, ಜೊತೆಯವಳ ಚೀಟಿಯಲ್ಲಿ ಐವತ್ನಾಲ್ಕು. "ಅರ್ಧ ನಿಮಿಷ ಎಣಿಸಿ ಇಮ್ಮಡಿ ಮಾಡಿದ್ದು ಯಾರು?" ಎಂದು ಕೇಳಿದರು. ನಾನು ಕೈಯೆತ್ತಿದೆ. "ಹಸುಳೆಗಳು ಗಡಿಯಾರದ ಹಾಗೆ ಉಸಿರಾಡೋದಿಲ್ಲ ಕಣಮ್ಮ. ಓಡ್ತವೆ, ನಿಲ್ತವೆ, ಮತ್ತೆ ಓಡ್ತವೆ. ಉಳಿದರ್ಧ ನಿಮಿಷದಲ್ಲಿ ಏನಾಯ್ತು ಅಂತ ನಿನಗೆ ಗೊತ್ತಾ?" ಎಂದರು.

ಹಳ್ಳಿಗಳಲ್ಲಿ ಬೇರೆ ಕಷ್ಟಗಳು ಕಾದಿದ್ದವು. ನಮ್ಮ ಕಡೆಯ ಮನೆಗಳಲ್ಲಿ ಅಟ್ಟದ ತುಂಬ ಕೊಬ್ಬರಿಗೆಂದು ಏರಿಸಿದ ಕಾಯಿ. ಕೆಳಗೆ ಕಿಟಕಿ ಸಣ್ಣದು, ಹೊಗೆ ಹೆಚ್ಚು. ನಡುಮನೆಯಲ್ಲಿ ಮಗುವಿನ ಮುಖ ಕಾಣುವುದೇ ಕಷ್ಟ, ಪಕ್ಕೆಯ ಏರಿಳಿತ ಎಲ್ಲಿ ಕಾಣಬೇಕು? ಜಗಲಿಗೆ ತಂದು ಅಂಗಿ ಎತ್ತಿ ಎಂದರೆ ದೃಷ್ಟಿಯಾಗುತ್ತದೆಂದು ತಾಯಂದಿರು ಒಪ್ಪುತ್ತಿರಲಿಲ್ಲ. ಕೊನೆಗೆ ತಾಯಿಯನ್ನು ಹೊಸ್ತಿಲಿಗೆ ಮುಖ ಮಾಡಿ ಕೂರಿಸಿ, ಬೀದಿಗೆ ನಾನು ಬೆನ್ನು ಕೊಟ್ಟು, ಸೆರಗು ಅಗಲಿಸಿ ಮರೆಯಾಗುವುದನ್ನು ಕಲಿತೆ. ಇದು ಯಾವ ಕೈಪಿಡಿಯಲ್ಲೂ ಇರಲಿಲ್ಲ. ಬಿಳಿಗೆರೆಯಲ್ಲಿ ಒಬ್ಬಾಕೆ, ನಾನು ಮಗುವಿನ ಮುಂದೆ ಗಡಿಯಾರ ಹಿಡಿದು ಕೂತದ್ದನ್ನು ನೋಡಿ, "ಏನವ್ವ, ಬಸ್ಸು ತಪ್ಪೋಯ್ತದೆ ಅಂತ ಈಪಾಟಿ ಗಡಿಯಾರ ನೋಡ್ತೀಯಾ? ಮಗೀನ್ ನೋಡು ಮೊದ್ಲು" ಎಂದು ಎಲ್ಲರನ್ನೂ ನಗಿಸಿದ್ದಳು.

ಅದೇ ಊರಿನಲ್ಲಿ ನಾನು ಎರಡು ತಿಂಗಳು ತುಂಬದ, ಅಳುತ್ತಿದ್ದ ಮಗುವನ್ನು ಎಣಿಸಿದೆ. ಅರವತ್ತೆರಡು ಬಂತು. ಹೆದರಿ, ಕಾಯಿ ಸುಲಿಯುವ ಕೆಲಸ ಬಿಡಿಸಿ, ತಂದೆ ತಾಯಿಯನ್ನು ಮಗುವಿನ ಜೊತೆ ತಿಪಟೂರಿಗೆ ಹೊರಡಿಸಿ ನಾನೂ ಹೋದೆ. ಬಸ್ಸಿನಲ್ಲಿ ಮಗು ನಿದ್ದೆ ಹೋಯಿತು. ಆಸ್ಪತ್ರೆಯಲ್ಲಿ ಎಣಿಸಿದಾಗ ಮೂವತ್ನಾಲ್ಕು. ಬರೀ ನೆಗಡಿ. ತಂದೆ ನನ್ನನ್ನು ನೋಡಿ, "ನಮ್ಮ ಹುಡ್ಗಂಗೇನಿಲ್ಲ ಕಣ್ರೀ, ನಿಮ್ಮ ಗಡಿಯಾರಕ್ಕೇ ಜರ ಬಂದೈತೆ. ಅದಕ್ಕೊಂದು ಸೂಜಿ ಹಾಕಿಸ್ರೀ" ಎಂದ. ನಾನು ಇದನ್ನು ಹೇಳಿದಾಗ ನಂಜುಂಡಯ್ಯನವರು ನಗಲಿಲ್ಲ. "ಅಳೋ ಮಗೂನ ಎಣಿಸಬೇಡ. ಆದರೆ ಈ ತಪ್ಪಿಗೆ ಹೆದರಬೇಡ. ಈ ತಪ್ಪು ಮಾಡಿದರೆ ಮಗು ಮನೆಗೆ ವಾಪಸ್ ಹೋಗುತ್ತೆ" ಎಂದಷ್ಟೇ ಹೇಳಿದರು. ಇನ್ನೊಂದು ಬಗೆಯ ತಪ್ಪಿನ ಮಾತನ್ನು ಅವರು ಆಡಲಿಲ್ಲ. ಆಡದೆಯೂ ಅದು ನನಗೆ ಕೇಳಿಸಿತು.

ಹುಳಿಯಾರಿನ ಕಡೆಗೆ ಹೋದಂತೆ ತೋಟಗಳು ತೆಳುವಾಗಿ ಬಯಲು ಶುರುವಾಗುತ್ತದೆ. ಅಲ್ಲಿ ಕುರಿ ಸಾಕುವವರ ಹಟ್ಟಿಗಳಿವೆ. ನನ್ನ ಪಾಲಿಗೆ ಬಂದ ಹಟ್ಟಿಗಳಲ್ಲಿ ಆಗ ಒಂದು ಕಟ್ಟಳೆ ಇತ್ತು. ಹೆರಿಗೆಯಾದ ಹೆಂಗಸು ಕೂಸಿನೊಂದಿಗೆ ದಿನ ತುಂಬುವ ತನಕ ಮುಳ್ಳುಬೇಲಿಯ ಆಚೆ ಒಂದು ಸಣ್ಣ ಗುಡಿಸಲಿನಲ್ಲಿ ಇರಬೇಕು. ಊಟವನ್ನು ಹೊರಗಿನಿಂದ ತಂದಿಡುತ್ತಿದ್ದರು. ಬಾಣಂತಿಯನ್ನೋ ಕೂಸನ್ನೋ ಮುಟ್ಟಿದವರು ತಲೆಯ ಮೇಲೆ ನೀರು ಹುಯ್ದುಕೊಳ್ಳದೆ ಹಟ್ಟಿಯೊಳಗೆ ಕಾಲಿಡುವಂತಿಲ್ಲ.

ಈ ಕಟ್ಟಳೆ ತಿಳಿದ ಮೊದಲ ವಾರದಲ್ಲಿಯೇ ನಾನು ಒಂದು ಪದ್ಧತಿ ಮಾಡಿಕೊಂಡೆ. ಮೊದಲು ಹಟ್ಟಿಯೊಳಗಿನ ಮಕ್ಕಳನ್ನೆಲ್ಲ ನೋಡಿ ಮುಗಿಸುವುದು. ಗುಡಿಸಲಿನ ಕೂಸನ್ನು ಕೊನೆಗೆ ಮುಟ್ಟಿ, ಹಾಗೆಯೇ ಬಸ್ಸಿನ ದಾರಿ ಹಿಡಿಯುವುದು. ಆಗ ನೀರು ಹುಯ್ದುಕೊಳ್ಳುವ ಪ್ರಶ್ನೆಯೇ ಬರುತ್ತಿರಲಿಲ್ಲ. ಅವರ ಆಚಾರಕ್ಕೆ ಭಂಗವಿಲ್ಲ, ನನ್ನ ಕೆಲಸವೂ ಆಗುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ. ಒದ್ದೆ ಸೀರೆಯಲ್ಲಿ ಬಯಲ ಗಾಳಿಗೆ ಮೈಯೊಡ್ಡಿ ಅರ್ಧ ದಿನ ಅಲೆಯುವುದು ನನಗೆ ಬೇಕಿರಲಿಲ್ಲ. ನಿಜ ಅದು.

ಆ ದಿನ ಕಾರ್ತಿಕ ಕಳೆದ ಮೇಲಿನ ಚಳಿ. ನಾನು ಹಟ್ಟಿಯ ಬಾಗಿಲು ಮುಟ್ಟಿದಾಗ ಹನ್ನೊಂದು ಗಂಟೆ ಐದು ನಿಮಿಷ. ಬೇಲಿಯ ಪಕ್ಕದಲ್ಲಿ ಈರಜ್ಜಿ ನಿಂತಿದ್ದಳು. ಗುಡಿಸಲಿನಲ್ಲಿದ್ದ ಬಾಣಂತಿ ಚಿತ್ತಮ್ಮ ಅವಳ ಸೊಸೆ, ಹತ್ತೊಂಬತ್ತರ ಹುಡುಗಿ, ಮೊದಲ ಹೆರಿಗೆ. ಗಂಡುಕೂಸಿಗೆ ಹದಿನೆಂಟು ದಿನ. ಗಂಡ ಕುರಿಮಂದೆಯ ಜೊತೆ ದೂರ ಹೋಗಿದ್ದ.

"ನರ್ಸಮ್ಮ, ಊಟ ಇಕ್ಕಕ್ಕೆ ಹೋದಾಗ ಕಂಡೆ, ಕೂಸು ಯಾಕೋ ಬೆಳಗಿಂದ ಮೊಲೆ ಹಿಡೀತಿಲ್ಲ ಕಣವ್ವ. ಬರೀ ಮಲಗೈತೆ" ಎಂದಳು ಈರಜ್ಜಿ.

"ಆಯ್ತಜ್ಜಿ, ಒಳಗಿನ ಮಕ್ಕಳನ್ನ ನೋಡ್ಕೊಂಡು ಬತ್ತೀನಿ" ಎಂದೆ.

"ಬೇಗ ಬಾರವ್ವ."

"ಬಂದೆ ಅಜ್ಜಿ."

ನನ್ನ ಬಾಯಿಂದ ಬಂದ ಮಾತುಗಳು ಇವೇ. ನಿಯಮ ನನಗೆ ಬಾಯಿಪಾಠವಾಗಿತ್ತು. ಮೊಲೆ ಬಿಟ್ಟ ಹಸುಳೆಯನ್ನು ಎತ್ತಿಕೊಂಡು ಹೊರಡಬೇಕು. ಆದರೆ ನನ್ನ ಕಾಲುಗಳಿಗೆ ಪದ್ಧತಿ ರೂಢಿಯಾಗಿತ್ತು. ಅವು ಹಟ್ಟಿಯೊಳಗೆ ನಡೆದವು. ಒಳಗೆ ಒಂಬತ್ತು ಮಕ್ಕಳು. ಒಂದೊಂದನ್ನೂ ಪೂರ್ತಿ ನಿಮಿಷ ಎಣಿಸಿದೆ. ಒಂದು ಮಗು ಅಳುತ್ತಿತ್ತು, ಸುಮ್ಮನಾಗುವ ತನಕ ಕಾದೆ. ಇನ್ನೊಂದು ಆಗ ತಾನೇ ಓಡಿ ಬಂದಿತ್ತು, ಅದನ್ನೂ ಕೂರಿಸಿ ಕಾದೆ. ಕಲಿಸಿದ ಹಾಗೆಯೇ, ಒಂದಿಷ್ಟೂ ತಪ್ಪದೆ ಮಾಡಿದೆ. ಒಂಬತ್ತರಲ್ಲಿ ಒಂದಕ್ಕೂ ನೆಗಡಿಗಿಂತ ಹೆಚ್ಚಿನದೇನೂ ಇರಲಿಲ್ಲ.

ಗುಡಿಸಲಿಗೆ ಬಂದಾಗ ಒಂದು ನಲವತ್ತು. ಬಾಗಿಲು ಎಷ್ಟು ಗಿಡ್ಡವೆಂದರೆ ಮೊಣಕಾಲೂರಿಯೇ ಒಳಗೆ ಹೋಗಬೇಕು. ಚಿತ್ತಮ್ಮ ಕೂಸನ್ನು ತೊಡೆಯ ಮೇಲೆ ಹಾಕಿಕೊಂಡು ಅಲುಗಾಡದೆ ಕೂತಿದ್ದಳು. "ಈಗ ಅಳೋದೂ ಬಿಟ್ಬುಟ್ಟೈತೆ" ಎಂದಳು, ಸಣ್ಣ ದನಿಯಲ್ಲಿ. ಬಟ್ಟೆ ಸರಿಸಿದೆ. ಪಕ್ಕೆಗಳ ಕೆಳಗೆ ಒಂದು ಗುಳಿ ಬಿದ್ದು ಬಿದ್ದು ಏಳುತ್ತಿತ್ತು. ಪ್ರತಿ ಉಸಿರಿನ ಕೊನೆಗೆ ಸಣ್ಣ ನರಳಿಕೆ. ಪಾದಗಳು ತಣ್ಣಗಿದ್ದವು. ಎಣಿಸಬಾರದಿತ್ತು, ಆದರೂ ಕೈ ಗಡಿಯಾರಕ್ಕೆ ಹೋಯಿತು. ಎಪ್ಪತ್ತೆಂಟಕ್ಕೆ ಉಸಿರು ನಿಂತಿತು. ಒಂದು, ಎರಡು, ಮೂರು ಸೆಕೆಂಡು. ಅಂಗಾಲಿಗೆ ಬೆರಳಿನಿಂದ ತಟ್ಟಿದೆ. ಮತ್ತೆ ಶುರುವಾಯಿತು.

"ಏಳು ಚಿತ್ತಮ್ಮ, ಆಸ್ಪತ್ರೆಗೆ ಹೋಗಣ" ಎಂದೆ.

ನಾನು ಕೂಸನ್ನು ಸೆರಗಿನೊಳಗೆ ಹಾಕಿಕೊಂಡು ಹೊರಬಂದಾಗ ಹಟ್ಟಿಯ ಯಜಮಾನ ಸಣ್ಣೀರಪ್ಪ ಬೇಲಿಯ ಒಳಗಿನಿಂದ ಕೂಗಿದ: "ದಿನ ತುಂಬಿಲ್ಲ ಕಣಮ್ಮ, ಬಾಣಂತಿ ಈಚೆಗೆ ಬರಂಗಿಲ್ಲ."

ಈರಜ್ಜಿ ಅವನ ಕಡೆ ತಿರುಗಿದಳು. "ಲೇ ಸಣ್ಣೀರ, ನೀನು ದಿನ ಎಣಿಸ್ಕಂಡು ಅಲ್ಲೇ ಕುಂತ್ಕ. ಮಗ ಉಸ್ರು ಬುಡಕ್ಕೆ ಒದ್ದಾಡ್ತಾ ಐತೆ. ದಾರಿ ಬುಡ್ಲಾ."

ಅವನು ದಾರಿ ಬಿಟ್ಟ. ಅಷ್ಟೇ ಅಲ್ಲ, ಓಡಿಹೋಗಿ ರಸ್ತೆಯಲ್ಲಿ ನಿಂತು ಕೈಬೀಸಿ ಒಂದು ಲಾರಿಯನ್ನೂ ನಿಲ್ಲಿಸಿದ. ಬಾಣಂತಿಯನ್ನು ಹತ್ತಿಸಬೇಡ ಎಂದು ಅವನೂ ಹೇಳಲಿಲ್ಲ, ಬೇರೆ ಯಾರೂ ಹೇಳಲಿಲ್ಲ.

ಚಿಕ್ಕನಾಯಕನಹಳ್ಳಿಯ ತನಕ ಚಿತ್ತಮ್ಮ ನನ್ನ ಮುಖ ನೋಡುತ್ತ ಕೂತಿದ್ದಳು. ನಾನು ಕೂಸಿನ ಹೊಟ್ಟೆಯನ್ನು ನೋಡುತ್ತಿದ್ದೆ. ನಾಲ್ಕು ಸಲ ಉಸಿರು ನಿಂತಿತು. ನಾಲ್ಕು ಸಲವೂ ಅಂಗಾಲು ತಟ್ಟಿದೆ. ಪ್ರತಿ ಸಲವೂ ಮುಂಚಿಗಿಂತ ಹೆಚ್ಚು ತಟ್ಟಬೇಕಾಯಿತು. ಲಾರಿಯ ಸದ್ದಿನಲ್ಲಿ ನರಳಿಕೆ ಕೇಳಿಸುತ್ತಿರಲಿಲ್ಲ, ಅದಕ್ಕೇ ಕಣ್ಣು ಕೀಳುವ ಹಾಗಿರಲಿಲ್ಲ.

ಆಸ್ಪತ್ರೆಯಲ್ಲಿ ಡಾಕ್ಟರು ಕೂಸನ್ನು ನೋಡಿದ ಕೂಡಲೇ ಆಮ್ಲಜನಕ ಕೊಟ್ಟರು, ಸೂಜಿ ಹಾಕಿದರು, ಮೈ ಬಿಸಿ ಮಾಡಲು ಹತ್ತಿ ಸುತ್ತಿದರು. ಮಾಡಬೇಕಾದ ಯಾವುದನ್ನೂ ಬಿಡಲಿಲ್ಲ. "ಎಷ್ಟು ಹೊತ್ತಾಯ್ತು ಹಾಲು ಬಿಟ್ಟು?" ಎಂದು ಕೇಳಿದರು. ಚಿತ್ತಮ್ಮ "ಬೆಳಗಿಂದ" ಎಂದಳು. "ಯಾರಿಗೂ ಹೇಳಲಿಲ್ವಾ ನೀನು?" ಎಂದರು. ಅವಳಿಗೆ ಈರಜ್ಜಿ ನನ್ನೊಡನೆ ಆಡಿದ ಮಾತು ಗೊತ್ತಿರಲಿಲ್ಲ. ಅವಳು ತಲೆ ತಗ್ಗಿಸಿದಳು. ನಾನು ಪಕ್ಕದಲ್ಲೇ ಇದ್ದೆ. ಬಾಯಿ ತೆರೆಯಲಿಲ್ಲ.

ಸಂಜೆ, ಇನ್ನೂ ಬಿಸಿಲಿರುವಾಗಲೇ, ಕೂಸು ತೀರಿಕೊಂಡಿತು.

ನಮ್ಮ ನಮೂನೆಯಲ್ಲಿ ಎರಡು ಅಂಕಣಗಳಿದ್ದವು. ಕಾಯಿಲೆಯ ವಿಷಯ ಮೊದಲು ತಿಳಿದ ಸಮಯ, ಮತ್ತು ಪರೀಕ್ಷಿಸಿದ ಸಮಯ. ಮರುದಿನ ಕಚೇರಿಯಲ್ಲಿ ಕೂತು ಎರಡರಲ್ಲೂ ಒಂದು ನಲವತ್ತು ಎಂದು ಬರೆದೆ. ಅಕ್ಷರಗಳು ದುಂಡಗೆ ಬಂದವು. ನಂಜುಂಡಯ್ಯನವರು ಹಾಳೆ ಓದಿ, "ಸಿಕ್ಕಿದ ಕೂಡಲೇ ಹೊರಟಿದೀಯ. ಸರಿಯಾಗಿ ಮಾಡಿದೀಯ" ಎಂದರು. ಎರಡು ದಿನ ಅನ್ನ ಸೇರಲಿಲ್ಲ. ಹಟ್ಟಿಯವರು ಯಾರಾದರೂ ಬಂದು ಹೇಳಿಯಾರೆಂಬ ಹೆದರಿಕೆ ಒಂದು. ಯಾರೂ ಬರದೆ ಆ ಹಾಳೆ ಹಾಗೆಯೇ ಉಳಿದುಬಿಟ್ಟೀತೆಂಬ ಹೆದರಿಕೆ ಇನ್ನೊಂದು. ಈ ಎರಡನೆಯದೇ ದೊಡ್ಡದಾಗಿತ್ತು. ಏಕೆಂದರೆ ಆ ಹಾಳೆಗಳನ್ನು ನೋಡಿಯೇ ನಾಳೆ ಬೇರೆ ಸೀಮೆಯ ಕಾರ್ಯಕರ್ತೆಯರಿಗೆ ನಿಯಮ ಮಾಡುತ್ತಾರೆ. ಮೊದಲು ಹೇಳಿದ ಕೂಡಲೇ ನೋಡಿದರೂ, ಕೂಡಲೇ ಹೊರಟರೂ, ಹಸುಳೆ ಉಳಿಯುವುದಿಲ್ಲ ಎಂದು ನನ್ನ ಹಾಳೆ ಹೇಳುತ್ತಿತ್ತು. ಅದು ಸುಳ್ಳು.

ಮೂರನೆಯ ದಿನ ಅವರ ಕೋಣೆಗೆ ಹೋಗಿ, ಮೊದಲ ಅಂಕಣದಲ್ಲಿ ಹನ್ನೊಂದು ಐದು ಎಂದಿರಬೇಕಾಗಿತ್ತು ಎಂದು ಹೇಳಿದೆ. ಕಾರಣ ಕೇಳಿದರು. ಪದ್ಧತಿಯ ವಿಷಯ ಹೇಳಿದೆ, ಒದ್ದೆ ಸೀರೆಯ ವಿಷಯವನ್ನೂ ಹೇಳಿದೆ. ಬೈದರೆ ಸಾಕು ಅನ್ನಿಸಿತು. ಅವರು ಎದ್ದು, ಹಟ್ಟಿಗಳಿಗೆ ಹೋಗುತ್ತಿದ್ದ ಉಳಿದ ಇಬ್ಬರನ್ನೂ ಕರೆದು, ಮೂವರ ಹಾಳೆಗಳನ್ನೂ ನೆಲದ ಮೇಲೆ ದಿನದ ಪ್ರಕಾರ ಹರಡಲು ಹೇಳಿದರು.

ನಾವು ಯಾರೂ ಒಬ್ಬರಿಗೊಬ್ಬರು ಹೇಳಿಕೊಂಡಿರಲಿಲ್ಲ. ಆದರೂ ಪ್ರತಿ ಹಟ್ಟಿಯ ಪ್ರತಿ ದಿನದ ಕಟ್ಟಿನಲ್ಲಿ ಗುಡಿಸಲಿನ ಕೂಸು ಕೊನೆಯ ಹಾಳೆಯಲ್ಲಿತ್ತು. ಎಲ್ಲರಿಗಿಂತ ಚಿಕ್ಕದು, ಎಲ್ಲರಿಗಿಂತ ಬೇಗ ಕೈತಪ್ಪುವುದು, ಎಲ್ಲರ ಕೊನೆಗೆ. ಒಂದೂ ತಪ್ಪಿರಲಿಲ್ಲ. ನಂಜುಂಡಯ್ಯನವರು ಮಂಡಿಯೂರಿ ಆ ಹಾಳೆಗಳನ್ನು ಒಂದೊಂದಾಗಿ ಎತ್ತಿಕೊಂಡರು. "ಹೇಗೆ ಎಣಿಸಬೇಕು ಅಂತ ಬರೆದೆ. ಯಾರನ್ನ ಮೊದಲು ನೋಡಬೇಕು ಅಂತ ನಾನೂ ಬರೀಲಿಲ್ಲ" ಎಂದರು. ಅದನ್ನು ಕೇಳಿ ನನಗೆ ಸಮಾಧಾನವಾಗಲಿಲ್ಲ. ನನಗೆ ಈರಜ್ಜಿ ಬಾಯಿಬಿಟ್ಟು ಹೇಳಿದ್ದಳು. ಮಿಕ್ಕವರಿಗೆ ಹಾಗೆ ಯಾರೂ ಹೇಳಿರಲಿಲ್ಲ.

ಅವತ್ತಿನಿಂದ ಹಟ್ಟಿಗೆ ಹೋದರೆ ಮೊದಲು ಗುಡಿಸಲು ಎಂದಾಯಿತು. ಇದಕ್ಕೆ ಒಪ್ಪಿಗೆ ಕೇಳಲು ನಾನೇ ಹೋದೆ. ಯಜಮಾನ ಸಣ್ಣೀರಪ್ಪ ಏನೆನ್ನುವನೋ ಎಂದು ಹೆದರಿದ್ದೆ. "ಅದಕ್ಕೇನು, ಈರಜ್ಜಿ ಒಂದು ಬಿಂದಿಗೆ ನೀರು ಇಕ್ಕಿರ್ತಾಳೆ. ಹುಯ್ಕಂಡು ಒಳಕ್ಕೆ ಬನ್ನಿ" ಎಂದ. ಈರಜ್ಜಿ ಬೇಲಿಯ ಬಳಿ ಒಂದು ಒಣ ಸೀರೆಯನ್ನೂ ಇಡಲು ಶುರು ಮಾಡಿದಳು. ಇಷ್ಟು ಸುಲಭವಾಗಿತ್ತು ಅದು. ನಾನು ಒಂದು ದಿನವೂ ಕೇಳಿರಲಿಲ್ಲ. ಈರಜ್ಜಿ ಆ ದಿನದ ಮಾತನ್ನು ನನ್ನೆದುರು ಒಮ್ಮೆಯೂ ಎತ್ತಲಿಲ್ಲ. ಪ್ರತಿ ಸಲ ತಲೆಯ ಮೇಲೆ ತಣ್ಣೀರು ಬೀಳುವಾಗ, ಇವತ್ತು ಎತ್ತುತ್ತಾಳೆ ಎಂದು ಕಾಯುತ್ತಿದ್ದೆ.

ಚಿತ್ತಮ್ಮನಿಗೆ ನಾನು ಏನೂ ಹೇಳಿರಲಿಲ್ಲ. ನಂಜುಂಡಯ್ಯನವರಿಗೆ ಹೇಳಿದ ಮೇಲೆ, ಹಾಳೆ ತಿದ್ದಿದ ಮೇಲೆ, ಹೇಳಬೇಕಾದವರಿಗೆ ಹೇಳಿಯಾಯಿತು ಎಂದುಕೊಂಡಿದ್ದೆ. ಹಟ್ಟಿಯಲ್ಲಿ ಅವಳು ಎದುರಾದರೆ ಬೇರೆ ಮಾತಾಡಿ ಮುಂದೆ ಹೋಗುತ್ತಿದ್ದೆ. ಆಸ್ಪತ್ರೆಯಲ್ಲಿ ಅವಳು ತಲೆ ತಗ್ಗಿಸಿದ್ದು ಮಾತ್ರ ನನ್ನ ಕಣ್ಣಿಂದ ಹೋಗುತ್ತಿರಲಿಲ್ಲ. ಯಾರಿಗೂ ಹೇಳದೆ ಸುಮ್ಮನೆ ಕೂತಿದ್ದು ತನ್ನ ತಪ್ಪು ಎಂದು ಅವಳು ತಿಳಿದಿದ್ದಳು. ನನ್ನ ಮೌನ ಅವಳನ್ನು ಹಾಗೆ ತಿಳಿಯಲು ಬಿಟ್ಟಿತ್ತು.

ಎರಡು ವರ್ಷ ಕಳೆಯುವಷ್ಟರಲ್ಲಿ ಅವಳು ಮತ್ತೆ ಹೆತ್ತಳು. ಹೆಣ್ಣುಕೂಸು. ನಾನು ಹೋದಾಗ ಅದಕ್ಕೆ ಹನ್ನೆರಡು ದಿನ. ನೇರವಾಗಿ ಗುಡಿಸಲಿಗೆ ಹೋಗಿ ಮೊಣಕಾಲೂರಿ ಒಳಗೆ ಬಂದೆ. ಚಿತ್ತಮ್ಮ ಕೂಸನ್ನು ಕೊಡಲಿಲ್ಲ. ಎದೆಗೆ ಒತ್ತಿಕೊಂಡೇ ಕೂತಿದ್ದಳು.

"ನಮ್ಮತ್ತೆ ಮೊನ್ನೆ ಒಂದು ಮಾತು ಆಡುದ್ರು. ಕೇಳ್ಲಾ?" ಎಂದಳು.

"ಕೇಳು."

"ಅವತ್ತು ನೀವು ಬಂದ ಗಳಿಗೇಲೇ, ಕೂಸು ಮೊಲೆ ಬಿಟ್ಟೈತೆ ಅಂತ ನಿಮಗೆ ಹೇಳುದ್ರಂತೆ. ಔದಾ?"

"ಹೌದು."

"ಕಿವಿಗೆ ಬಿದ್ದಿತ್ತಾ ನಿಮಗೆ?"

ಬಿದ್ದಿರಲಿಲ್ಲ ಎನ್ನಬಹುದಿತ್ತು. ಬಯಲಿನ ಗಾಳಿ, ಕುರಿಗಳ ಸದ್ದು, ಯಾರಾದರೂ ನಂಬುತ್ತಿದ್ದರು.

"ಬಿದ್ದಿತ್ತು ಚಿತ್ತಮ್ಮ. ಕೇಳಿಸ್ಕೊಂಡೇ ಒಳಗೆ ಹೋದೆ. ನೀನೇನೂ ತಪ್ಪು ಮಾಡ್ಲಿಲ್ಲ. ನಾನು ಮಾಡ್ದೆ."

ಅವಳು ಅಳಲಿಲ್ಲ. ನನ್ನನ್ನು ಬೈಯಲೂ ಇಲ್ಲ. ಎದ್ದು ಹೋಗು ಎನ್ನುತ್ತಾಳೆ ಎಂದು ಕಾದೆ. ಹಾಗೆ ಅಂದಿದ್ದರೆ ಹೋಗುತ್ತಿದ್ದೆ, ಮತ್ತೆ ಈ ಕೆಲಸಕ್ಕೆ ಬರುತ್ತಿದ್ದೆನೋ ಇಲ್ಲವೋ ಹೇಳಲಾರೆ. ಅವಳು ಕೂಸಿನ ನೆತ್ತಿಗೆ ಒಮ್ಮೆ ಗಲ್ಲ ಒತ್ತಿ, ಎರಡೂ ಕೈಯಿಂದ ಅದನ್ನು ಎತ್ತಿ ನನ್ನ ತೊಡೆಯ ಮೇಲೆ ಹಾಕಿದಳು.

"ಹಂಗಾರೆ ಈಗ ನೋಡಿ" ಎಂದಳು.

ಬಟ್ಟೆ ಸರಿಸಿದೆ. ಕೂಸು ನಿದ್ದೆಯಲ್ಲಿತ್ತು. ಚಿತ್ತಮ್ಮ ಬಗ್ಗಿ ಕೂಸನ್ನು ನೋಡಲಿಲ್ಲ. ನಾನು ಎಣಿಸಿ ಮುಗಿಸುವ ತನಕ ನನ್ನ ಮುಖವನ್ನೇ ನೋಡುತ್ತಿದ್ದಳು.